ಮರದ ಬಟ್ಲ ಕಡೆಯಾಕ ಯಾವ ಲೇತ್ ಚಲೋ? ನಮ್ಮ ಕೊಪ್ಪಳ ಕಡೆಯವರಿಗೆ ಒಂದು ಹೋಲಿಕಿ

ಸಿಂಧನೂರಾಗಿರೋ ನಮ್ಮ ಚಿಗವ್ವನ ಮಗ ಮೊನ್ನೆ ಫೋನ್ ಮಾಡಿದ್ದ. "ಅಣ್ಣಾ, ಲೇತ್ ತಗೋಬೇಕಂತ ಮಾಡೀನಿ, ಎರಡು ನೋಡಿ ಬಂದೀನಿ, ಒಂದು ಆರು ಫೂಟ್ ಉದ್ದ ಐತಿ, ಇನ್ನೊಂದು ಒಂದೂವರಿ ಫೂಟು ಅಷ್ಟ, ರೇಟು ಮಾತ್ರ ಹೆಚ್ಚುಕಮ್ಮಿ ಒಂದೇ. ಉದ್ದಂದೇ ತಗೊಂಡ್ರ ಚಲೋ ಅಲ್ಲೇನು?" ಅಂದ.

"ಅದರಾಗ ಏನ್ ಕಡೀತಿ ಹೇಳು ಮೊದ್ಲ" ಅಂದೆ.

"ಬಟ್ಲ, ಹಣ್ಣಿಡೋ ಬೋಗಾಣಿ, ಅಂಥವು. ಆನೆಗೊಂದಿ ಕಡೆ ಟೂರಿಸ್ಟ್ ಮಂದಿ ಬರ್ತಾರಲ್ಲ, ಅಲ್ಲಿ ಮಾರಬೇಕಂತ ವಿಚಾರ ಐತಿ."

"ಹಂಗಾದ್ರ ಉದ್ದ ತಗೊಂಡು ಏನ್ ಮಾಡ್ತೀಯೋ ತಮ್ಮಾ? ನಿನಗ ಬೇಕಾಗಿದ್ದು ಎತ್ತರ, ತೂಕ, ಕಡಿಮಿ ಸ್ಪೀಡು" ಅಂದೆ. ಆ ಮಾತು ಒಂದು ತಾಸು ನಡೀತು. ಅಂವಗ ಹೇಳಿದ್ದನ್ನೇ ಇಲ್ಲಿ ಬರದೀನಿ, ನಮ್ಮ ಕಡೆ ಇನ್ನೂ ನಾಕು ಮಂದಿ ಇದನ್ನ ಕೇಳ್ಯಾರ, ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ.

ಲೇತ್ ಅಂದಕೂಡ್ಲೆ ನಮ್ಮ ಮಂದಿಗೆ ನೆನಪಾಗೂದು ಮಂಚದ ಕಾಲು, ತೊಟ್ಲ ಕಂಬ, ಲಟ್ಟಣಗಿ, ಕಡಗೋಲು ಕಡೆಯೋ ಉದ್ದನ್ನ ಖರಾದಿ ಮಷೀನು. ಆ ಕೆಲಸದಾಗ ಕಟಗಿ ಎರಡು ಮೊಳಿ ನಡುವ ಸಿಗಿಬಿದ್ದು ತಿರಗತೈತಿ, ನಾರು ಉದ್ದಕ್ಕ ಇರ್ತೈತಿ, ಕಟಗಿ ಸಪೂರ ಇರ್ತೈತಿ, ಸ್ಪೀಡು ಜೋರಿದ್ದಷ್ಟು ಕೆಲಸ ನುಣುಪು. ಬಟ್ಲದ ಲೆಕ್ಕನ ಬ್ಯಾರೆ. ದಿಮ್ಮಿನ ನಡಬರಕ ಸೀಳಿ, ಆ ಅರ್ಧದಾಗ ದುಂಡಗ ಒಂದು ಬಿಲ್ಲೆ ಕೊರದು, ನಾರು ಅಡ್ಡ ಬರೋಹಂಗ ಲೇತಿಗೆ ಹಾಕ್ತೀವಿ. ಹಂಗಾಗಿ ಒಂದೊಂದು ಸುತ್ತಿನಾಗೂ ಉಳಿಗೆ ಎರಡು ಸಲ ಉದ್ದ ನಾರು, ಎರಡು ಸಲ ನಾರಿನ ತುದಿ ಎದುರಾಗತೈತಿ, ಅಂದ್ರ ಒಂದು ಸುತ್ತಿಗೆ ಎರಡು ಸಲ ಮೆತ್ತಗ ಎರಡು ಸಲ ಗಟ್ಟಿ, ಆ ಬಡತ ಎಲ್ಲಾ ಶಾಫ್ಟು ಬೇರಿಂಗು ತಡಕೋಬೇಕು. ಅದರ ಮ್ಯಾಲೆ ಬಿಲ್ಲೆ ಶುರುವಿನಾಗ ಎಂದೂ ಸಮತೂಕ ಇರಂಗಿಲ್ಲ. 12 ಇಂಚು ಅಗಲ 5 ಇಂಚು ದಪ್ಪದ ಹಸಿ ಬೇವಿನ ಬಿಲ್ಲೆ ಒಂದು ಎಂಟೊಂಬತ್ತು ಕಿಲೋ ತೂಗತೈತಿ, ಅದು ಒಂದು ಕಡೆ ಭಾರ ಆಗಿ ತಿರಗಿದ್ರ ಹಗುರ ಮಷೀನು ಟೇಬಲ್ ಮ್ಯಾಲೆ ನಡಕೋತ ಹೋಗತೈತಿ.

ಇದಕ್ಕ ನಾನು ಲೇತ್ ಹೋಲಿಸೂವಾಗ ಮೊದ್ಲ ನೋಡೂದು ಮೂರು ಅಂಕಿ.

ಒಂದು ಸ್ವಿಂಗು. ಅಂದ್ರ ಬೆಡ್ (ಲೇತಿನ ಕೆಳಗಿನ ಉದ್ದನ್ನ ಹಾಸು) ಮ್ಯಾಲೆ ಎಷ್ಟು ಅಗಲದ ಬಿಲ್ಲೆ ತಿರಗತೈತಿ ಅಂತ. ಇದರಾಗ ಎರಡು ಮೋಸ ಅದಾವ. ಅಮೆರಿಕ, ಚೈನಾ ಕಡೆ ಮಷೀನಿಗೆ ಪೂರ್ತಿ ಅಗಲ ಬರೀತಾರ, ನಮ್ಮ ಫಿಟ್ಟರ್ ಮಂದಿ ಸೆಂಟರ್ ಎತ್ತರ ಅಷ್ಟ ಹೇಳ್ತಾರ, ಅಂದ್ರ ಬೆಡ್‌ನಿಂದ ಶಾಫ್ಟಿನ ನಡುವಿನಮಟ. 6 ಇಂಚು ಎತ್ತರ ಅಂದ್ರ 12 ಇಂಚು ಸ್ವಿಂಗು, ಇದನ್ನ ಬಾಯಿ ಬಿಟ್ಟು ಕೇಳಬೇಕು. ಎರಡನೇದು, ಉಳಿ ಊರೋ ಪಟ್ಟಿ ಅಂದ್ರ ಟೂಲ್ ರೆಸ್ಟ್, ಅದನ್ನ ಹಿಡಿಯೋ ಬ್ಯಾಂಜೋ ಬೆಡ್ ಮ್ಯಾಲೆ ಕುಂದರತೈತಿ, ಅದು ಬಿಲ್ಲೆ ಕೆಳಗ ಹೋಗಬೇಕಂದ್ರ 12 ಇಂಚಿನಾಗ ಎರಡು ಎರಡೂವರಿ ಇಂಚು ಅದೇ ತಿಂತೈತಿ. ಹಂಗಾಗಿ 12 ಇಂಚಿನ ಲೇತಿನಾಗ ಆರಾಮಾಗಿ ಆಗೂದು ಒಂಬತ್ತೂವರಿ ಹತ್ತು ಇಂಚಿನ ಬಟ್ಲ ಅಂತ ತಿಳ್ಕೊಳ್ರಿ.

ಎರಡು, ಅತೀ ಕಡಿಮಿ ಸ್ಪೀಡು. ಎಷ್ಟು ಜೋರು ತಿರಗತೈತಿ ಅಂತ ಎಲ್ಲಾರೂ ಕೇಳ್ತಾರ, ಎಷ್ಟು ನಿಧಾನ ಅಂತ ಯಾರೂ ಕೇಳಂಗಿಲ್ಲ. ಬಟ್ಲ ಕಡೆಯೋರು ಬಳಸೋ ಒಂದು ಲೆಕ್ಕ ಐತಿ, ಬಿಲ್ಲೆ ಅಗಲ ಇಂಚಿನಾಗ ಇಟ್ಟು ಅದನ್ನ ಆರ್‌ಪಿಎಂ (ನಿಮಿಷಕ್ಕ ಎಷ್ಟು ಸುತ್ತು) ಜೋಡಿ ಗುಣಿಸಿದ್ರ 6000 ರಿಂದ 9000 ನಡುವ ಬರಬೇಕು. 8 ಇಂಚಿಗೆ 750 ರಿಂದ 1125, 12 ಇಂಚಿಗೆ 500 ರಿಂದ 750, 16 ಇಂಚಿಗೆ 375 ರಿಂದ 560. ಇದು ಬಿಲ್ಲೆ ದುಂಡಗಾದ ಮ್ಯಾಲಿನ ಮಾತು, ಶುರುವಿನಾಗ ಇದಕ್ಕಿಂತ ಕೆಳಗ ಇರಬೇಕು. 12 ಇಂಚಿನ ಬಿಲ್ಲೆ 500 ಸುತ್ತು ತಿರಗಿದ್ರ ಅದರ ಅಂಚು ತಾಸಿಗೆ 28-29 ಕಿಲೋಮೀಟರ್ ಓಡ್ತಿರತೈತಿ, 1000 ಕ್ಕ ಹಾಕಿದ್ರ 57, ಎಂಟು ಕಿಲೋ ಕಟಗಿ ಆ ಓಟದಾಗ ಚಕ್ (ಕಟಗಿ ಕಚ್ಚಿ ಹಿಡಿಯೋ ದವಡಿ) ಬಿಟ್ಟು ಹಾರಿದ್ರ ಏನಾಗತೈತಿ ಅಂತ ಒಮ್ಮೆ ಕಣ್ಣಮುಂದ ತಂದ್ಕೊಳ್ರಿ.

ಮೂರು ತೂಕ. ಭಾರ ಇದ್ದಷ್ಟು ಚಲೋ, ಇದಕ್ಕ ಹೆಚ್ಚಿನ ವಿವರಣಿ ಬ್ಯಾಡ.

ಬೆಡ್ ಉದ್ದ ಈ ಪಟ್ಟಿನಾಗ ಇಲ್ಲ ನೋಡ್ರಿ. ಬಟ್ಲಕ್ಕ ಒಂದೂವರಿ ಫೂಟ್ ಬೆಡ್ ಇದ್ರ ಬೇಕಾದಷ್ಟಾತು, ಅದೂ ಎದುರಿನ ತುದಿಯಿಂದ ಟೇಲ್‌ಸ್ಟಾಕ್ ಕಟಗಿನ ಒತ್ತಿ ಹಿಡೀಲಿ ಅಂತ ಅಷ್ಟ.

ಇನ್ನ ಮಷೀನಿಗಿಂತ ಮೊದ್ಲ ಕಟಗಿ ಮಾತು ಬರಬೇಕು, ಯಾಕಂದ್ರ ನಿಮ್ಮ ಸುತ್ತ ಸಿಗೋ ದಿಮ್ಮಿನ ನಿಮ್ಮ ಸ್ವಿಂಗ್ ಎಷ್ಟಿರಬೇಕು ಅಂತ ಹೇಳತೈತಿ. ನಮ್ಮ ಕೊಪ್ಪಳ ಸುತ್ತಮುತ್ತ ಕೈಚಾಚಿದ್ರ ಸಿಗೂದು ಬಳ್ಳಾರಿ ಜಾಲಿ. ಊರಿನ ಹೆಸರನ್ನೇ ಇಟ್ಕೊಂಡೈತಿ ಆದ್ರ ಮೂಲ ಮೆಕ್ಸಿಕೋ, ದಕ್ಷಿಣ ಅಮೆರಿಕ ಕಡೇದು, ನಾವು ಅದನ್ನ ಒಲಿಗೆ ಹಾಕ್ತೀವಿ, ಇದ್ದಿಲು ಸುಡ್ತೀವಿ, ಹೊಲದಾಗ ಬಂದ್ರ ಬೈತೀವಿ. ಆದ್ರ ಬಟ್ಲಕ್ಕ ಇದರಂಥ ಕಟಗಿ ನನಗ ಇನ್ನೊಂದು ಸಿಕ್ಕಿಲ್ಲ. ಇದರ ಅಣ್ಣತಮ್ಮ ಜಾತಿಗೆ ಅಮೆರಿಕದ ಟೆಕ್ಸಾಸ್ ಕಡೆ ಮೆಸ್ಕೀಟ್ ಅಂತಾರ, ಅಲ್ಲಿ ಬಟ್ಲ ಕಡೆಯೋರು ಅದನ್ನ ಹುಡುಕಿ ತರ್ತಾರ, ಒಣಗಿದಾಗ ಭಾಳ ಕಡಿಮಿ ಕುಗ್ಗತೈತಿ, ಸೊಟ್ಟಗಾಗೂದು ಕಡಿಮಿ. ಹೊರಗಿನ ಕಟಗಿ ಹಳದಿ, ಒಳಗಿನ ಕೆಚ್ಚು ಕೆಂಪುಮಿಶ್ರಿತ ಕಂದು, ಒಳಗ ಎಣ್ಣಿ ಹಚ್ಚಿದ ಮ್ಯಾಲೆ ಆ ಎರಡು ಬಣ್ಣ ಕೂಡೋ ಗೆರಿ ನೋಡಿದ್ರ ನೋಡ್ಕೋತ ಕುಂದರಬೇಕು ಅನಸ್ತೈತಿ. ಆದ್ರ ಇದರ ಬೊಡ್ಡಿ ದಪ್ಪ ಸಿಗೂದು ಅಪರೂಪ, ಹೆಚ್ಚಾಗಿ ಆರರಿಂದ ಎಂಟು ಇಂಚು, ಮ್ಯಾಲೆ ಬಿರುಕು, ಹುಳದ ತೂತು. ಬಟ್ಲದ ಅಗಲ ಎಂದೂ ದಿಮ್ಮಿ ಅಗಲಕ್ಕಿಂತ ಸ್ವಲ್ಪ ಕಡಿಮೀನ, ಅಂದ್ರ ಬಳ್ಳಾರಿ ಜಾಲಿ ಅಷ್ಟ ಕಡೀತೀನಿ ಅನ್ನೋರಿಗೆ ಐದಾರು, ಭಾಳಾದ್ರ ಏಳು ಇಂಚಿನ ಬಟ್ಲ. ಅದಕ್ಕ ಇಪ್ಪತ್ತು ಇಂಚಿನ ಲೇತ್ ತಗೊಂಡು ಮಾಡೂದೇನು?

10-12 ಇಂಚಿನ ಬೋಗಾಣಿ ಬೇಕು ಅಂದ್ರ ಬೇವು, ಮಾವು, ಹುಣಸಿ, ಮಳೆಮರಕ್ಕ ಹೋಗಬೇಕು. ಬೇವು ಕಡೆಯಾಕ ಹದ ಐತಿ, ಆದ್ರ ಕಹಿ ವಾಸನಿ ಬಿಡೂದಿಲ್ಲ, ಊಟದ ಬಟ್ಲಕ್ಕ ನಾನು ಬಳಸಂಗಿಲ್ಲ. ಹುಣಸಿ ಗಟ್ಟಿ, ಉಳಿ ಮೊಂಡ ಮಾಡತೈತಿ. ಮಾವು ಕಲಿಯೋರಿಗೆ ಚಲೋ.

ಈಗ ಮಷೀನು.

ಮೊದಲನೇದು ನಮ್ಮ ಬಡಿಗೇರ ಕಾರ್ಖಾನಿಗಳಾಗ ಇರೋ ಉದ್ದನ್ನ ಖರಾದಿ. ಸೆಂಟರ್ ಎತ್ತರ ಬರೇ ನಾಕೈದು ಇಂಚು, ಸ್ಪೀಡು ಒಂದೋ ಎರಡೋ, ಅವೂ ಜೋರು, ಶಾಫ್ಟಿನ ಮೂತಿಗೆ ಚಕ್ ಹಾಕಾಕ ತ್ರೆಡ್ ಇರಂಗಿಲ್ಲ. ಬಟ್ಲಕ್ಕ ಇದು ಬ್ಯಾಡ. ನಮ್ಮ ತಮ್ಮ ನೋಡಿ ಬಂದ ಆರು ಫೂಟಿಂದು ಇದೇ ಜಾತಿ. ಚನ್ನಪಟ್ಟಣದ ಗೊಂಬಿ ಮಾಡೋ ಲೇತೂ ಬಟ್ಲಕ್ಕ ಆಗೂದಿಲ್ಲ, ಅದು ಹಾಲೆ ಮರದಂಥ ಮೆತ್ತಗಿನ ಸಣ್ಣ ತುಂಡಿಗೆ ಮಾಡಿದ್ದು, ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಕರಗಿ ಹತ್ತಬೇಕು ಅಂತ ಜೋರು ಸ್ಪೀಡ್ ಬೇಕಾಗತೈತಿ. ಕೆಲವರು "ನಿಮ್ಮ ಪಕ್ಕದಾಗ ಕಿನ್ನಾಳ ಐತಲ್ಲ, ಅಲ್ಲಿ ಕೇಳ್ರಿ" ಅಂತಾರ. ಕಿನ್ನಾಳದ ಕಲಾವಿದರದು ಕೆತ್ತನಿ, ಬಣ್ಣದ ಕೆಲಸ, ಹಗುರ ಕಟಗಿನ ಉಳಿಯಿಂದ ಕೆತ್ತಿ, ಹುಣಸಿ ಬೀಜದ ಸರಿ ಹಚ್ಚಿ ಬಣ್ಣ ಬರೀತಾರ. ಕಟಗಿ ಒಣಗಿಸೂದು ಹೆಂಗ ಅಂತ ಅವರಿಂದ ಕಲಿಯೂದು ಐತಿ, ಲೇತ್ ವಿಷಯ ಅಲ್ಲಿ ಸಿಗಂಗಿಲ್ಲ.

ಎರಡನೇದು ಆನ್‌ಲೈನ್ ಸಿಗೋ ಮಿನಿ ಲೇತು, 10 ಇಂಚು ಸ್ವಿಂಗು 18 ಇಂಚು ಉದ್ದ, ಚೈನಾದಾಗ ಎರಕ ಹೊಯ್ದಿದ್ದು, ಬ್ಯಾರೆ ಬ್ಯಾರೆ ಹೆಸರಿನಾಗ ಬಣ್ಣ ಬದಲಿಸಿ ಬರ್ತಾವ. ಅರ್ಧ ಎಚ್‌ಪಿ ಮುಕ್ಕಾಲು ಎಚ್‌ಪಿ ಮೋಟ್ರು, ತೂಕ ಮೂವತ್ತೈದು ನಲವತ್ತು ಕಿಲೋ ಆಸುಪಾಸು. ನಾನು ಶುರು ಮಾಡಿದ್ದು ಇದರಾಗ. ಇದರ ಚಲೋತನ ಹೇಳಬೇಕಂದ್ರ ಶಾಫ್ಟಿನ ತ್ರೆಡ್ಡು 1 ಇಂಚು ದಪ್ಪ, ಇಂಚಿಗೆ 8 ಹಲ್ಲಿಂದು, ಜಗತ್ತಿನಾಗ ಎಲ್ಲಾ ಚಕ್ ಕಂಪನಿಯವರೂ ಇದಕ್ಕ ಚಕ್ ಮಾಡ್ತಾರ, ಮುಂದ ಹಿಂದ ಎರಡೂ ಕಡೆ ಎರಡನೇ ನಂಬರ್ ಮೋರ್ಸ್ ಟೇಪರ್ (ಮೊಳಿ ಕೂಡೋ ಇಳಿಜಾರು ತೂತು) ಐತಿ, ಸಾಮಾನು ಹುಡುಕಿ ತಿರಗೂದು ತಪ್ಪತೈತಿ. ಆರು ಇಂಚಿನ ಬಳ್ಳಾರಿ ಜಾಲಿ ಬಟ್ಲ ಇದರಾಗ ಖುಷಿಯಿಂದ ಆಗತೈತಿ.

ಕೆಟ್ಟದ್ದು ಕಡಿಮಿ ಸ್ಪೀಡಿನ ವಿಷಯ. ಭಾಳ ಮಾಡೆಲ್ಲಿನಾಗ ಅತೀ ಕಡಿಮಿ ಅಂದ್ರ 500 ಆಸುಪಾಸು, ಬೆಲ್ಟ್ ಬದಲಿಸೋ ಕೆಲವು ಮಾಡೆಲ್ಲಿನಾಗ ಅದಕ್ಕಿಂತ ಮ್ಯಾಲೆ. ನಾನು ಮೊದ್ಲನೇ ಬೇಸಿಗ್ಯಾಗ ಒಂಬತ್ತು ಇಂಚಿನ ಸೊಟ್ಟ ಹುಣಸಿ ಬಿಲ್ಲೆ ಹಾಕಿ ಸ್ವಿಚ್ ಒತ್ತಿದೆ, ಕಟಗಿ ಟೇಬಲ್ಲು ಅದು, ಲೇತು ಟೇಬಲ್ ಸಮೇತ ಗಡಗಡ ಅಂತ ಒಂದು ಗೇಣು ಸರದು ಗ್ವಾಡಿಗೆ ಬಡೀತು, ಬಿಲ್ಲೆಗೆ ಹೊಡದಿದ್ದ ಸ್ಕ್ರೂ ಎರಡು ಸೊಟ್ಟಗಾಗಿದ್ವು, ಆ ಸ್ಕ್ರೂ ಹೊಡಿಯೋ ಕಬ್ಬಿಣದ ತಟ್ಟಿ, ಅಂದ್ರ ಫೇಸ್‌ಪ್ಲೇಟ್, ಹಿಡದಿದ್ದು ನಮ್ಮ ಪುಣ್ಯ. ಅವತ್ತಿಂದ ಆ ಮಷೀನಿನಾಗ ಎಂಟು ಇಂಚು ದಾಟಿಲ್ಲ. ಇನ್ನೊಂದು, ಸ್ಪೀಡ್ ಗುಂಡಿ ತಿರುವಿ ಬದಲಿಸೋ ಮಾಡೆಲ್ಲಿನಾಗ ಡಿಸಿ ಮೋಟ್ರು ಇರ್ತೈತಿ, ಒಳಗ ಒಂದು ಎಲೆಕ್ಟ್ರಾನಿಕ್ ಬೋರ್ಡು. ಪಂಪ್‌ಸೆಟ್ಟು ಶುರುವಾದ ಹೊತ್ತಿಗೆ ನಮ್ಮ ಊರಾಗ ವೋಲ್ಟೇಜು ಮ್ಯಾಲೆ ಕೆಳಗ ಆಗತೈತಿ, ನಂದು ಎರಡು ಸಲ ಬೋರ್ಡ್ ಹೋತು, ಮಾರಿದವರು ಎರಡನೇ ಸಲ ಫೋನೇ ಎತ್ತಲಿಲ್ಲ. ಸ್ಟೆಬಿಲೈಜರ್ ಇಲ್ಲದ ಇದನ್ನ ಹಳ್ಳ್ಯಾಗ ಹಚ್ಚಬ್ಯಾಡ್ರಿ.

ಮೂರನೇದು ಹಳೇ ಕಬ್ಬಿಣದ ಲೇತು, ಅಂದ್ರ ಪಂಜಾಬಿನ ಬಟಾಲಾ ಕಡೆಯಿಂದ ಬಂದ, ಕಬ್ಬಿಣ ಕಡೆಯೋ ಎಂಜಿನಿಯರಿಂಗ್ ಲೇತು, ಬಳ್ಳಾರಿ ಹೊಸಪೇಟಿ ಕಡೆ ಮುಚ್ಚಿದ ವರ್ಕ್‌ಶಾಪಿನಾಗ ಸೆಕೆಂಡ್ ಹ್ಯಾಂಡ್ ಸಿಗತಾವ. ಇದನ್ನ ನೋಡಿ ಮನಸ್ಸು ಹೋಗತೈತಿ, ತೂಕ ಐತಿ, ನಿಧಾನ ತಿರಗತೈತಿ, ಬೇರಿಂಗು ಗಟ್ಟಿ. ಆದ್ರ ಬಟ್ಲ ಕಡೆಯೋನು ನಿಂದರಬೇಕಾದ ಜಾಗದಾಗ ಕ್ಯಾರೇಜ್ (ಉಳಿ ಹಿಡದು ಸರಿಯೋ ಗಾಡಿ) ಕುಂತಿರತೈತಿ, ಅದನ್ನ ಸರಿಸಿ ಟೂಲ್ ರೆಸ್ಟ್ ಬ್ಯಾರೆ ಮಾಡಿಸಬೇಕು. ಹಸಿ ಕಟಗಿ ರಸ ಬೆಡ್ಡಿಗೆ ತುಕ್ಕು ಹಿಡಸತೈತಿ, ಧೂಳು ಎಣ್ಣಿ ಕೂಡಿ ಸ್ಲೈಡಿನಾಗ ಅಂಟು ಆಗತೈತಿ, ಮತ್ತ ಅದರ ನಾಕು ದವಡಿ ಚಕ್ಕಿನ ಚೂಪು ಮೂಲಿ ಬೆರಳಿಗೆ ಬಡದ್ರ ಮುಗೀತು. ಕಬ್ಬಿಣದ ಕೆಲಸಾನೂ ಮಾಡೋರಿಗೆ ಅದು ಇರ್ಲಿ. ಬರೇ ಬಟ್ಲಕ್ಕ ಅಂತ ನಾನು ತಗೋಳಂಗಿಲ್ಲ.

ನಾಕನೇದು ಹೊರದೇಶದ ದೊಡ್ಡ ಮಷೀನು. ಪವರ್‌ಮ್ಯಾಟಿಕ್ 3520 ಅಂತ ಒಂದು ಐತಿ, 20 ಇಂಚು ಸ್ವಿಂಗು, ಎರಡು ಎಚ್‌ಪಿ, ತೂಕ ಮೂರು ಕ್ವಿಂಟಲ್ ದಾಟತೈತಿ. ಬಟ್ಲ ಕಡೆಯೋರ ಕನಸು ಅದು. ಆದ್ರ ಹಡಗಿನ ಬಾಡಿಗಿ, ಕಸ್ಟಮ್ಸ್ ಕೂಡಿದ್ರ ನಮ್ಮ ಕಡೆ ಒಂದು ಟ್ರ್ಯಾಕ್ಟರ್ ಲೆಕ್ಕದಾಗ ಹೋಗತೈತಿ. ಸಣ್ಣದ್ರಾಗ ಜೆಟ್ ಕಂಪನಿದು 1221 ಅಂತ ಐತಿ, 12 ಇಂಚು ಸ್ವಿಂಗು, ಒಂದು ಎಚ್‌ಪಿ, 60 ಸುತ್ತಿಂದ 3600 ಮಟ, ಕಡಿಮಿ ಸ್ಪೀಡಿನ ವಿಷಯದಾಗ ಮಿನಿ ಲೇತಿಗೂ ಇದಕ್ಕೂ ಹೋಲಿಕಿನ ಇಲ್ಲ. ಆದ್ರ ಅಮೆರಿಕದಾಗ ಮಾರೂದು 115 ವೋಲ್ಟಿಂದು, ಯಾರೋ ಸಂಬಂಧಿಕರು ಬರೂವಾಗ ತರ್ತಾರ ಅಂತ ತರಿಸಿ ನಮ್ಮ 230ಕ್ಕ ಹಚ್ಚಿದ್ರ ಅಲ್ಲೇ ಸುಡತೈತಿ. ಬ್ರಿಟನ್ನಿನ ರೆಕಾರ್ಡ್ ಪವರ್, ನ್ಯೂಜಿಲೆಂಡಿನ ನೋವಾ ಕಂಪನಿಯವರದ್ರಾಗ ಹೆಡ್‌ಸ್ಟಾಕ್ (ಶಾಫ್ಟ್ ಇರೋ ತಲಿ) ತಿರುಗೋ ಮಾಡೆಲ್ ಅದಾವ, ತಲಿ ಹೊರಳಿಸಿದ್ರ ಬೆಡ್ ಅಡ್ಡ ಬರಂಗಿಲ್ಲ, ಬಗ್ಗಿ ಬೆನ್ನು ನೋಯಿಸ್ಕೊಳ್ಳೂದು ಇಲ್ಲ. ಈ ಒಂದು ಗುಣ ನನಗ ಭಾಳ ಹಿಡಿಸೈತಿ.

ಐದನೇದು ನಮ್ಮಲ್ಲೇ ಮಾಡಿಸೂದು. ನನ್ನ ಮನಸ್ಸು ಇದರ ಕಡೀಗೇ ಐತಿ, ಅದಕ್ಕ ಇದನ್ನ ಬಿಡಿಸಿ ಹೇಳ್ತೀನಿ.

ಗಂಗಾವತಿ ಕಾರಟಗಿ ಕಡೆ ಎಷ್ಟು ರೈಸ್ ಮಿಲ್ ಅದಾವ ಎಲ್ಲಾರಿಗೂ ಗೊತ್ತು. ಅವನ್ನ ರಿಪೇರಿ ಮಾಡೋ ಫಿಟ್ಟರ್ ಮಂದಿಗೆ ಶಾಫ್ಟು, ಬೇರಿಂಗು, ಪುಲ್ಲಿ ಅಂದ್ರ ಅಂಗೈ ಗೆರಿ ಇದ್ದಂಗ. ಬಟ್ಲದ ಲೇತ್ ಅಂದ್ರ ಕಡೀಗೆ ಏನು, ಎರಡು ಬೇರಿಂಗಿನ ನಡುವ ಒಂದು ದಪ್ಪ ಶಾಫ್ಟು, ಕೆಳಗ ಅಲುಗಾಡದ ಚೌಕಟ್ಟು. ನಾನು ಗಂಗಾವತಿಯಾಗ ಒಬ್ಬ ಹಿರೇ ಫಿಟ್ಟರ್ ಕಾಕಾನ ಹತ್ರ ಹೋದಾಗ ಅವರೂ ಕೇಳಿದ್ದು ಅದೇ, "ಎಷ್ಟು ಫೂಟ್ ಉದ್ದ ಬೇಕೋ ತಮ್ಮಾ?" "ಉದ್ದ ಎರಡು ಫೂಟ್ ಸಾಕು ಕಾಕಾ, ಸೆಂಟರ್ ಎತ್ತರ 8 ಇಂಚು ಬೇಕು" ಅಂದೆ. ಸೀಸಪೆನ್ಸಿಲ್ ಕಿವಿಯಿಂದ ತಗದು ನೆಲದ ಮ್ಯಾಲೆ ಗೆರಿ ಹೊಡದು ನೋಡಿ, "ಇಷ್ಟು ಎತ್ತರ, ಇಷ್ಟು ಗಿಡ್ಡ, ಅಂದ್ರ ಬೀಸೋಕಲ್ಲಿನಂಗ ಕೂಡಬೇಕು ಅನ್ನು" ಅಂದ್ರು. ಅದಕ್ಕಿಂತ ಚಂದ ಹೇಳಾಕ ನನಗ ಬರಂಗಿಲ್ಲ.

ಶಾಫ್ಟು ಇಎನ್8 ಉಕ್ಕು, 40 ಮಿಲಿಮೀಟರು. ಬೇರಿಂಗಿಗೆ ಎರಡು ದಾರಿ. ಯುಸಿಪಿ 208 ಪ್ಲಮ್ಮರ್ ಬ್ಲಾಕ್, ಅಂದ್ರ ಗೂಡಿನ ಸಮೇತ ಬರೋ ಬೇರಿಂಗು, ರೆಡಿ ಸಿಗತಾವ, ಬೋಲ್ಟ್ ಹಾಕಿ ಕುಂದ್ರಿಸಿದ್ರ ಮುಗೀತು, ಆದ್ರ ಅವು ಶಾಫ್ಟನ್ನ ಸಣ್ಣ ಸ್ಕ್ರೂದಿಂದ ಹಿಡೀತಾವ, ಬಟ್ಲದ ಬಡತಕ್ಕ ಆ ಸ್ಕ್ರೂ ಸಡಿಲ ಆಗತಾವ, ಆವಾಗಾವಾಗ ನೋಡಬೇಕು. ಎರಡನೇ ದಾರಿ ದಪ್ಪ ಪ್ಲೇಟಿನಾಗ ಬೋರ್ ಹೊಡದು 6208 ಬೇರಿಂಗ್ ಕುಂದ್ರಿಸೂದು, ಕೂಲಿ ಹೆಚ್ಚಾಗತೈತಿ ಆದ್ರ ಕೆಲಸ ಗಟ್ಟಿ. ಎರಡು ಬೇರಿಂಗ್ ನಡುವ ಎಂಟ್ಹತ್ತು ಇಂಚು ಅಂತರ ಇರ್ಲಿ, ಮುಂದಿನ ಬೇರಿಂಗು ಚಕ್ಕಿಗೆ ಎಷ್ಟು ಹತ್ರ ಇದ್ರ ಅಷ್ಟು ಚಲೋ.

ಬೆಡ್ಡಿಗೆ ಎರಡು ಸಿ ಚಾನಲ್. ಕೆಳಗಿನ ಚೌಕಟ್ಟಿನಾಗ ಒಂದು ಅಟ್ಟ ಮಾಡಿ ಅದರ ಮ್ಯಾಲೆ ಭಾರ ಇಡ್ರಿ, ಮರಳಿನ ಚೀಲ ಇಡೋರು ಅದಾರ, ನಾನು ಕುಷ್ಟಗಿ ಕಡೆ ಗ್ರಾನೈಟ್ ಫ್ಯಾಕ್ಟರಿಯಾಗ ಒಡದು ಬಿಟ್ಟ ಸ್ಲ್ಯಾಬ್ ತುಂಡು ತಂದು ಜೋಡಿಸೀನಿ, ಅಗ್ಗ ಸಿಕ್ತು, ಮಷೀನು ಅಲ್ಲಾಡೂದು ನಿಂತುಬಿಟ್ಟಿತು.

ತ್ರೆಡ್ ವಿಷಯ ಮಾತ್ರ ಎರಡು ಸಲ ಓದ್ರಿ. ನಾನು ಮೊದ್ಲ ಒಂದು ಕಡೆ ಒಂದೂಕಾಲು ಇಂಚಿನ ತ್ರೆಡ್ ಹೊಡೀರಿ ಅಂತ ಅಷ್ಟ ಹೇಳಿ ಬಂದಿದ್ದೆ. ಅವರು ತಮಗ ರೂಢಿ ಇದ್ದಂಗ ಹಳೇ ಬ್ರಿಟಿಷ್ ವಿಟ್‌ವರ್ತ್ ಲೆಕ್ಕದಾಗ ಇಂಚಿಗೆ 7 ಹಲ್ಲು ಹೊಡದಿದ್ರು. ಬಟ್ಲದ ಚಕ್ಕಿಗೆ ಒಂದೂಕಾಲು ಇಂಚಂದ್ರ 8 ಹಲ್ಲು. ತರಿಸಿದ ಚಕ್ಕು ಒಂದೂವರಿ ಸುತ್ತು ಏರಿ ಸಿಗಿಬಿದ್ದು ಕುಂತುಬಿಡ್ತು. ಪೂರ್ತಿ ಶಾಫ್ಟ್ ವೇಸ್ಟ್ ಆತು. ಅದಕ್ಕ ನನ್ನ ಸಲಹಾ, ಎಂ33 ಗುಣಿಲೆ 3.5, ಅಂದ್ರ 33 ಎಂಎಂ ದಪ್ಪ, ಹಲ್ಲಿಂದ ಹಲ್ಲಿಗೆ 3.5 ಎಂಎಂ, ಹೊಡಸ್ರಿ. ಯುರೋಪಿನ ಲೇತ್‌ಗಳ ಅಳತಿ ಅದು, ಚಕ್ಕು ಸಿಗತಾವ, ಮತ್ತ 33ಕ್ಕ 3.5 ಅನ್ನೂದು ಮೆಟ್ರಿಕ್ಕಿನ ರೂಢಿ ಅಳತೀನ ಆಗಿರೋದ್ರಿಂದ ನಮ್ಮ ಟರ್ನರ್ ತಪ್ಪೋ ಸಂಭವ ಕಡಿಮಿ. 40 ಎಂಎಂ ಶಾಫ್ಟಿನಾಗ 33 ತ್ರೆಡ್ ಹೊಡದ್ರ ಸುತ್ತ ಮೂರೂವರಿ ಎಂಎಂ ಭುಜ ಉಳೀತೈತಿ, ಚಕ್ಕು ಆ ಭುಜಕ್ಕ ಒತ್ತಿ ಕೂಡಬೇಕು, ಆ ಭುಜ ಸರಿ ಕಡದಿರದಿದ್ರ ಎಂಥಾ ಕಂಪನಿ ಚಕ್ ಹಾಕಿದ್ರೂ ಬಟ್ಲ ಓಲಾಡತೈತಿ.

ಮೋಟ್ರು. ರೈಸ್ ಮಿಲ್ಲಿನ ಹಳೇ ಒಂದೂವರಿ, ಎರಡು ಎಚ್‌ಪಿ ತ್ರೀ ಫೇಸ್ ಮೋಟ್ರು ಅಗ್ಗ ಸಿಗತಾವ, ಮನ್ಯಾಗಿರೂದು ಸಿಂಗಲ್ ಫೇಸು, ನಡುವ ವಿಎಫ್‌ಡಿ ಅನ್ನೋ ಎಲೆಕ್ಟ್ರಾನಿಕ್ ಡಬ್ಬಿ ಹಾಕಿದ್ರ ಗುಂಡಿ ತಿರುವಿ ಸ್ಪೀಡ್ ಬದಲಿಸಬಹುದು. ಇಲ್ಲೊಂದು ತೊಡಕು ಐತಿ. ಸಿಂಗಲ್ ಫೇಸ್ ವಿಎಫ್‌ಡಿ ಕೊಡೂದು 230 ವೋಲ್ಟಿನ ತ್ರೀ ಫೇಸು, ಮೋಟ್ರು 415ಕ್ಕ ಸ್ಟಾರ್ ಅನ್ನೋ ಜೋಡಣಿಯಾಗ ಕಟ್ಟಿರತೈತಿ. ನೇಮ್‌ಪ್ಲೇಟಿನ ಮ್ಯಾಲೆ 230/415 ಅಂತ ಇದ್ದು ಡಬ್ಬ್ಯಾಗ ಆರು ತುದಿ ಹೊರಗ ಬಂದಿದ್ರ ತಂತಿ ಜೋಡಣಿ ಬದಲಿಸಿ ಡೆಲ್ಟಾ ಮಾಡಿದ್ರ ಆತು. ಬರೇ ಮೂರು ತಂತಿ ಹೊರಗಿದ್ರ ವೈಂಡಿಂಗ್ ಮಾಡೋರ ಕಡೆ ಒಯ್ದು ಒಳಗಿನ ತುದಿ ಹೊರಗ ತಗಸಬೇಕು. ಇದನ್ನ ನೋಡದ ಮೋಟ್ರು ತಂದು, ಶಕ್ತಿನ ಇಲ್ಲ ಅಂತ ವಿಎಫ್‌ಡಿಗೆ ಬೈದೋರನ್ನ ನೋಡೀನಿ.

ವಿಎಫ್‌ಡಿ ಐತಲ್ಲ, ಬೆಲ್ಟ್ ಸರಿಸಿ ಸ್ಪೀಡ್ ಬದಲಿಸೋ ಪುಲ್ಲಿ ಮೆಟ್ಟಲು ಯಾಕ ಅಂತ ಕೇಳ್ತಾರ. ಲೆಕ್ಕ ಹಾಕಿ ನೋಡ್ರಿ. ಒಂದು ಎಚ್‌ಪಿ ಮೋಟ್ರು 1440ರಾಗ ತಿರಗೂವಾಗ ಅದರ ತಿರುಚು ಬಲ ಹೆಚ್ಚುಕಮ್ಮಿ 5 ನ್ಯೂಟನ್ ಮೀಟರ್. ಪುಲ್ಲಿಯಿಂದ 500ಕ್ಕ ಇಳಿಸಿದ್ರ ಆ ಬಲ 14ಕ್ಕ ಏರತೈತಿ, 12 ಇಂಚಿನ ಬಟ್ಲದ ಅಂಚಿನಾಗ ಒಂಬತ್ತೂವರಿ ಕಿಲೋ ಒತ್ತಡಕ್ಕ ತಡೀತೈತಿ. ಅದೇ 500ನ್ನ ಬರೇ ವಿಎಫ್‌ಡಿಯಿಂದ ಇಳಿಸಿದ್ರ ಬಲ 5ರಾಗೇ ಉಳೀತೈತಿ, ಅಂಚಿನಾಗ ಮೂರೂವರಿ ಕಿಲೋಕ್ಕೂ ಕಡಿಮಿ, ಉಳಿ ತುಸು ಆಳ ಹೋತಂದ್ರ ನಿಂತುಬಿಡತೈತಿ. ಮ್ಯಾಲೆ ಮೋಟ್ರಿನ ಫ್ಯಾನೂ ನಿಧಾನ ಆಗಿ ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಮೈ ಸುಡತೈತಿ. ಹಂಗಾಗಿ ಮೂರು ಮೆಟ್ಟಿಲ ಪುಲ್ಲಿ ಇರ್ಲಿ, ಅದರ ಜೋಡಿ ವಿಎಫ್‌ಡಿ ಇರ್ಲಿ. ವಿಎಫ್‌ಡಿ ಡಬ್ಬಿನ ಕಟಗಿ ಧೂಳಿಂದ ದೂರ ಗ್ವಾಡಿಗೆ ಹಾಕಿ, ಅರ್ಥಿಂಗ್ ಸರಿ ಮಾಡಿಸ್ರಿ. ಇಷ್ಟೆಲ್ಲಾ ಬ್ಯಾಡ ಅನ್ನೋರು ಸಾದಾ ಸಿಂಗಲ್ ಫೇಸ್ ಒಂದು ಎಚ್‌ಪಿ ಮೋಟ್ರು, ನಾಕು ಮೆಟ್ಟಿಲ ಪುಲ್ಲಿ ಹಾಕ್ರಿ, ಬೆಲ್ಟ್ ಬದಲಿಸೂದು ಕಿರಿಕಿರಿ ಆದ್ರ ಸುಡೋ ಬೋರ್ಡು ಒಂದೂ ಇರಂಗಿಲ್ಲ.

ನಮ್ಮ ಬಿಸಿಲಿಗೂ ಲೇತಿನ ಶಕ್ತಿಗೂ ಇನ್ನೊಂದು ಸಂಬಂಧ ಐತಿ. ಹಸಿ ಕಟಗಿನ ಮೊದ್ಲ ದಪ್ಪಗ ಕಡದು, ಅಂದ್ರ ಅಗಲದ ಹತ್ತನೇ ಒಂದು ಪಾಲು ಗ್ವಾಡಿ ಬಿಟ್ಟು, 10 ಇಂಚಿಗೆ ಒಂದು ಇಂಚು, ಆಮ್ಯಾಲೆ ತಿಂಗಳಗಟ್ಟಲೆ ಒಣಗಿಸಿ ಮತ್ತ ಕಡೀಬೇಕು. ಬೇಸಿಗ್ಯಾಗ 40 ಡಿಗ್ರಿ ದಾಟಿದ ದಿನ, ಅರ್ಧ ಕಡದ ಬಟ್ಲ ಚಕ್ಕಿನಾಗ ಬಿಟ್ಟು ಉಂಡು ಬರೂದ್ರಾಗ ಅಂಚಿನಾಗ ಕೂದಲೆಳಿ ಬಿರುಕು ಕಾಣತೈತಿ. ಸಣ್ಣ ಮಷೀನಿನಾಗ ಮೂರು ತಾಸು ಹಿಡಿಯೋ ಕೆಲಸ ಗಟ್ಟಿ ಮಷೀನಿನಾಗ ಒಂದು ತಾಸಿಗೆ ಮುಗದ್ರ ಆ ಬಟ್ಲ ಉಳೀತೈತಿ. ನಾನು ಹಸಿ ಬಟ್ಲ ಇಳಿಸಿದಕೂಡ್ಲೆ ಅದರದ್ದೇ ಹೊಟ್ಟು ತುಂಬಿ ಕಾಗದದ ಚೀಲದಾಗ ಹಾಕಿ, ಚೀಲಕ್ಕ ತಾರೀಖು ಬರದು, ಗಾಳಿ ಹೊಡೀದ ಮೂಲ್ಯಾಗ ಇಡ್ತೀನಿ.

ತಗೊಳ್ಳಾಕ ಹೋದಾಗ ಈ ಪರೀಕ್ಷಿ ಮಾಡ್ರಿ. ಸ್ಟೀಲ್ ಲೋಟದಾಗ ಮುಕ್ಕಾಲು ನೀರು ತುಂಬಿ ಬೆಡ್ ಮ್ಯಾಲೆ ಇಟ್ಟು, ಏನೂ ಹಾಕದ ಮಷೀನು ಚಾಲೂ ಮಾಡಿ ಸ್ಪೀಡ್ ಏರಿಸ್ಕೋತ ಹೋಗ್ರಿ. ನೀರಿನ ಮುಖದಾಗ ಸಣ್ಣ ಉಂಗುರ ಎದ್ರ ಪರವಾಗಿಲ್ಲ, ನೀರು ಕುಣದು ಹೊರಗ ಚೆಲ್ಲಿದ್ರ ಪುಲ್ಲಿ ಇಲ್ಲಾ ಶಾಫ್ಟು ಸೊಟ್ಟ ಐತಿ ಅಂತ ಅರ್ಥ. ಆಮ್ಯಾಲೆ ಟೇಲ್‌ಸ್ಟಾಕ್ ಮುಂದ ತಂದು ಎರಡೂ ಮೊಳಿ ತುದಿ ಒಂದಕ್ಕೊಂದು ಕೂಡತಾವೇನು ನೋಡ್ರಿ. ಶಾಫ್ಟಿನ ಮೂತಿ ಹಿಡದು ಮ್ಯಾಲೆ ಕೆಳಗ ಜಗ್ಗಿ ನೋಡ್ರಿ, ಬೆರಳಿಗೆ ಟಕ್ ಅಂತ ಗೊತ್ತಾದ್ರ ಬೇರಿಂಗ್ ಸಡಿಲ. ಬ್ಯಾಂಜೋ ಬಿಗಿ ಮಾಡಿ ಟೂಲ್ ರೆಸ್ಟಿನ ತುದಿ ಮ್ಯಾಲೆ ಮೈಭಾರ ಹಾಕ್ರಿ, ಅದು ಜಾರಿದ್ರ ಉಳಿ ಸಿಗಿಬಿದ್ದಾಗ ನಿಮ್ಮ ಕೈ ಉಳಿಯಂಗಿಲ್ಲ.

ಇರೋ ರೊಕ್ಕ ಪೂರ್ತಿ ಲೇತಿಗೇ ಹಾಕಬ್ಯಾಡ್ರಿ. ಲೇತಿಗೆ ಹಾಕಿದ್ದರ ಅರ್ಧದಷ್ಟು ಚಕ್ಕು, ಉಳಿ, ಗ್ರೈಂಡರಿಗೆ ಹೋಗೇ ಹೋಗತೈತಿ. ಉಳಿ ಒಂದೇ ತಗೋತೀನಿ ಅಂದ್ರ ಹೈಸ್ಪೀಡ್ ಸ್ಟೀಲಿನ ಅರ್ಧ ಇಂಚಿನ ಬೌಲ್ ಗೌಜ್ (ಬಟ್ಲ ಕಡೆಯೋ ಕೊಳವಿ ಉಳಿ) ತಗೋಳ್ರಿ. ಮಂಚದ ಕಾಲಿಗೆ ಬಳಸೋ ಅಗಲ ರಫಿಂಗ್ ಗೌಜನ್ನ ಬಟ್ಲಕ್ಕ ಎಂದೂ ಹಚ್ಚಬ್ಯಾಡ್ರಿ, ಅದರ ಹಿಡಿಕಿ ಒಳಗ ಹೋಗೋ ಬಾಲ ತೆಳ್ಳಗಿರತೈತಿ, ಬಟ್ಲದ ಬಡತಕ್ಕ ಮುರದು ಮುಖಕ್ಕ ಬರತೈತಿ. ಮುಖ ಪೂರ್ತಿ ಮುಚ್ಚೋ ಶೀಲ್ಡ್ ಬೇಕೇಬೇಕು, ಜಾಲಿ ಬೇವಿನ ಧೂಳಿಗೆ ಮೂಗಿಗೆ ಮಾಸ್ಕ್ ಬೇಕು. ಮತ್ತ ನಮ್ಮ ಕಡೆಯವರಿಗೆ ಒಂದು ಮಾತು, ಹೆಗಲ ಮ್ಯಾಲಿನ ಟವೆಲ್ ತಗದು ಹೊರಗ ಗೂಟಕ್ಕ ಹಾಕಿ ಬರ್ರಿ, ಲುಂಗಿ ಉಟ್ಟು ಲೇತ್ ಮುಂದ ನಿಂದರಬ್ಯಾಡ್ರಿ.

ಇಷ್ಟು ಕೇಳಿ ನಮ್ಮ ತಮ್ಮ ಕಡೀಗೆ ಎರಡೂ ಬಿಟ್ಟ. ಅಂವ ಬರೇ ಬಳ್ಳಾರಿ ಜಾಲಿ ಸಣ್ಣ ಬಟ್ಲ ಮಾಡೋನಾಗಿದ್ರ ಮಿನಿ ಲೇತ್ ತಗೊ ಅಂತಿದ್ದೆ, ಆದ್ರ ಅವರ ಹೊಲದ ಬದುವಿನಾಗ ಗಾಳಿಗೆ ಬಿದ್ದ ಒಂದು ದೊಡ್ಡ ಬೇವಿನ ಮರ ಐತಿ, 14 ಇಂಚಿನ ದಿಮ್ಮಿ ನಾಕು ಬರ್ತಾವ, ಅದಕ್ಕ ಮಾಡಿಸೂದೇ ಸರಿ ಅಂದೆ. ಸೆಂಟರ್ ಎತ್ತರ 9, ಬೆಡ್ ಎರಡು ಫೂಟು, ಶಾಫ್ಟ್ 40, ಎಂ33, ಅಂತ ಎಲ್ಲಾ ಒಂದು ಹಾಳ್ಯಾಗ ಬರದು ಫೋಟೋ ಕಳಿಸೀನಿ. ಚಕ್ಕು ಮೊದ್ಲ ತರಿಸು, ಅದನ್ನ ಫಿಟ್ಟರ್ ಕೈಯಾಗ ಕೊಟ್ಟು ಇದಕ್ಕ ಕೂಡೋಹಂಗ ತ್ರೆಡ್ ಹೊಡೀರಿ ಅನ್ನು, ಬಾಯಿಲೆ ಅಳತಿ ಹೇಳಬ್ಯಾಡ ಅಂತ ಹೇಳೀನಿ. ಚಕ್ಕು ಇನ್ನೂ ಕೊರಿಯರಿನಾಗ ಐತಿ. ಅಲ್ಲೀಮಟ ಆ ಬೇವಿನ ದಿಮ್ಮಿಗಳ ಎರಡೂ ತುದಿಗೆ ಮೇಣ ಕಾಸಿ ಬಳದು, ಹಸಿ ಗೋಣಿಚೀಲ ಹೊಚ್ಚಿ ನೆಳ್ಳಾಗ ಇಡಾಕ ಹಚ್ಚೀನಿ.